ಸಾಲಪತ್ರದ ಆಯುಸ್ಸು

"ಅಣ್ಣ ನನ್ನನ್ನು ಸಾಕಿ ಬೆಳೆಸಿದ. ಆ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ತೀರಿಸಲಾಗದವನು ಯಾವ ಮುಖ ಹೊತ್ತು ಅವನೆದುರು ನಿಲ್ಲಲಿ, ಗುರುಗಳೇ?" ಎಂದು ಮರುಳಪ್ಪ ಕೇಳಿದ. ಅವನು ಅಣ್ಣನ ಮನೆಯ ಹೊಸಿಲು ತುಳಿದು ವರ್ಷಗಳೇ ಆಗಿದ್ದವು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಬಳಿ ನೇಕಾರ ಉಣ್ಣೆಯ ವ್ಯಾಪಾರಿಯಿಂದ ಸಾಲ ತಂದು ಪತ್ರ ಬರೆದುಕೊಟ್ಟಿದ್ದ. ಇಬ್ಬರೂ ಬಾಲ್ಯದ ಗೆಳೆಯರು. ನೇಯ್ದದ್ದು ಮಾರಾಟವಾಗಲಿಲ್ಲ, ಸಾಲ ಹಾಗೇ ನಿಂತಿತು. ಪೂರ್ತಿ ಹಣ ಕೂಡಿಸಿಯೇ ಗೆಳೆಯನ ಮುಖ ನೋಡುವೆನೆಂದು ನೇಕಾರ ಹಟ ತೊಟ್ಟ. ಆ ಹಟಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡ. ವ್ಯಾಪಾರಿಯ ಅಂಗಡಿ ಇದ್ದ ಬೀದಿಯನ್ನೇ ಬಿಟ್ಟು ಸುತ್ತುದಾರಿಯಲ್ಲಿ ಸಂತೆಗೆ ಹೋಗತೊಡಗಿದ.

ಅಂಥ ಪತ್ರಕ್ಕೆ ಮೂರು ವರ್ಷ ಆಯುಸ್ಸು. ಅಷ್ಟರೊಳಗೆ ದಾವೆ ಹೂಡದಿದ್ದರೆ ಆಮೇಲೆ ಕೋರ್ಟು ಕೇಳುವುದಿಲ್ಲ. ಆದರೆ ಅವಧಿ ಮುಗಿಯುವ ಮೊದಲೇ ಸಾಲಗಾರ ಒಂದಿಷ್ಟು ಕೊಟ್ಟು, ಕೊಟ್ಟದ್ದನ್ನು ಪತ್ರದ ಬೆನ್ನಿಗೆ ಕೈಯಾರೆ ಬರೆದು ಸಹಿ ಮಾಡಿದರೆ, ಅಂದಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ.

ಮೂರನೆಯ ವರ್ಷ ಮುಗಿಯುತ್ತ ಬಂತು. ನೇಕಾರನ ಭಾವಮೈದ ಕೋರ್ಟು ಕಚೇರಿ ತಿರುಗಿದವನು. ಇನ್ನೊಂದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕು, ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಕ್ಕ. ನೇಕಾರನಿಗೆ ನಗು ಬರಲಿಲ್ಲ. ಇಷ್ಟು ದಿನ ನಾಚಿಕೆಯಾಗಿದ್ದದ್ದು ಇನ್ನು ಮೋಸವಾಗುತ್ತದಲ್ಲ ಎಂದುಕೊಂಡ. ಮನೆಯವರು ಹೊದೆಯಲೆಂದು ಇಟ್ಟುಕೊಂಡಿದ್ದ ಕಂಬಳಿಯನ್ನು ಮಾರಿದ. ಬಂದ ಚೂರುಪಾರು ದುಡ್ಡು ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದ.

ತಲೆ ತಗ್ಗಿಸಿಕೊಂಡೇ ಪತ್ರ ಕೇಳಿ ಪಡೆದು, ಬೆನ್ನಿಗೆ ಬರೆದು ಸಹಿ ಮಾಡಿದ. "ಇದು ಬಡ್ಡಿಗೂ ಸಾಕಾಗಲ್ಲ, ಗೊತ್ತು. ನಿನ್ನ ಸಾಲ ಸಾಯಬಾರದು ಅಂತ ಬಂದೆ" ಎಂದ.

ವ್ಯಾಪಾರಿಗೆ ಕಣ್ಣು ತುಂಬಿ ಬಂತು. "ಅವಧಿ ಮುಗಿಯುತ್ತೆ ಅಂತ ನಾಳೆ ನಿನ್ನ ಮೇಲೆ ದಾವೆ ಹಾಕೋದಿತ್ತು ಕಣಯ್ಯಾ. ಅದೇ ಸಂಕಟಕ್ಕೆ ಅನ್ನ ಸೇರ್ತಿರಲಿಲ್ಲ. ಇನ್ನು ಆ ಕೆಲಸ ಇಲ್ಲ. ಉಣ್ಣೆ ತಗೊಂಡು ಹೋಗು, ನೇಯಿ" ಎಂದ.

ಉಳಿದ ಸಾಲ ತೀರಲು ಬಹಳ ಕಾಲ ಹಿಡಿಯಿತು. ಗೆಳೆತನ ಮಾತ್ರ ಅಂದೇ ಸರಿಹೋಯಿತು.

ಕತೆ ಕೇಳಿದ ಮರುಳಪ್ಪನ ಮುಖ ಅರಳಿತು. ಆದರೂ ಹಳೆಯ ಅಳುಕು ಬಿಡಲಿಲ್ಲ. ತನ್ನ ಅಣ್ಣ ಯಾವ ಪತ್ರವನ್ನೂ ಬರೆಸಿಕೊಂಡಿಲ್ಲ, ಆ ಋಣಕ್ಕೆ ಅವಧಿಯೂ ಇಲ್ಲ, ನಿಧಾನವಾಗಿ ಹೋದರಾಯಿತಲ್ಲವೇ ಎಂದ.

"ನಿಮ್ಮಣ್ಣನಿಗೆ ಈಗ ಎಷ್ಟು ವಯಸ್ಸಾಯಿತು, ಮರುಳಪ್ಪ?" ಎಂದರು ಗುರುಗಳು.