ಒಂದೇ ಪ್ರತಿ

ಕಾಡಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗಿಡಮೂಲಿಕೆಗಳ ಕೋಶದ ಒಂದೇ ಪ್ರತಿ ಇತ್ತು. ಅದನ್ನು ಅಲ್ಲೇ ಕೂತು ಓದಬೇಕು, ಹೊರಗೆ ಒಯ್ಯುವಂತಿಲ್ಲ ಎಂಬುದು ನಿಯಮ. ಪರೀಕ್ಷೆ ಹತ್ತಿರ ಬಂದಾಗ ಆ ಪುಸ್ತಕ ಕಾಣೆಯಾಯಿತು.

ಬಾಗಿಲು ಕಾಯುವ ಮುಂಗುಸಿ ಎಲ್ಲರ ಚೀಲ ತಡಕಿತು. ಕಾಗೆಯ ಚೀಲದಲ್ಲಿ ಏನೂ ಸಿಗಲಿಲ್ಲ. ಆದರೂ, "ನಿಮ್ಮವರ ಕೊಕ್ಕಿನ ಚಳಕ ನನಗೆ ಗೊತ್ತು. ಪುಸ್ತಕ ಬರುವ ತನಕ ನಿನ್ನ ಕಾರ್ಡ್ ಇಲ್ಲಿರಲಿ" ಎಂದಿತು.

"ಕಾರ್ಡಿಲ್ಲದೆ ಎಲ್ಲಿ ಓದಲಿ ಸ್ವಾಮಿ? ಪರೀಕ್ಷೆ ನನಗೂ ಇದೆ" ಎಂದು ಕಾಗೆ ಅಂಗಲಾಚಿತು.

ಹಿಂದೆ ನಿಂತಿದ್ದ ಅಳಿಲು ತನ್ನ ಖಾಲಿ ಚೀಲವನ್ನು ತಾನಾಗಿಯೇ ಕೊಡವಿ ತೋರಿಸಿತು. "ಇಂಥವರಿಂದಲೇ ಸಾರ್, ನಮಗೆಲ್ಲ ಕೆಟ್ಟ ಹೆಸರು."

ಪರೀಕ್ಷೆಯ ಹಿಂದಿನ ದಿನ ಅಳಿಲು ಬೆಳಗಿನಿಂದ ಕಪಾಟಿನಿಂದ ಕಪಾಟಿಗೆ ಹಾರಿ ಹಾರಿ, ಕೊನೆಗೆ ಏದುಸಿರು ಬಿಡುತ್ತ ಮುಂಗುಸಿಯ ಮುಂದೆ ನಿಂತಿತು. "ಸಾರ್, ಆ ಕೋಶ ಹುಡುಕಿಸಿಕೊಡಿ."

"ಕಾಗೆ ಕದ್ದದ್ದು ಇಲ್ಲಿ ಸಿಗುತ್ತದೇನಯ್ಯಾ?"

"ಅಯ್ಯೋ, ಅದು ಹೊರಗೆ ಹೋಗೇ ಇಲ್ಲ! ಯಾವುದೋ ಕಪಾಟಿನ ಹಿಂದಿದೆ. ಯಾವುದೆಂದು ನೆನಪಾಗುತ್ತಿಲ್ಲ, ಅಷ್ಟೆ."

ಮುಂಗುಸಿ ದಿಟ್ಟಿಸಿ ನೋಡಿತು. ಅಳಿಲು ಒಂದು ಹೆಜ್ಜೆ ಹಿಂದೆ ಸರಿಯಿತು. "ನಾನು ಕದ್ದಿಲ್ಲ ಸಾರ್, ಹೊರಗೆ ಒಯ್ದಿಲ್ಲ. ನಿಯಮ ಮುರಿದಿಲ್ಲ."

ಮುಂಗುಸಿ ಮೊದಲು, ಬಂದು ಕಾರ್ಡ್ ತೆಗೆದುಕೊಂಡು ಹೋಗುವಂತೆ ಕಾಗೆಗೆ ಹೇಳಿಕಳುಹಿಸಿತು. ಆಮೇಲೆ ಅಳಿಲಿನತ್ತ ಕೈ ಚಾಚಿತು.

"ಯಾರಿಗೂ ಸಿಗದ ಮೇಲೆ ಪುಸ್ತಕ ಒಳಗಿದ್ದರೇನು, ಹೊರಗಿದ್ದರೇನು? ಕಾರ್ಡ್ ಕೊಡು."