ಹೂಂ ಎನ್ನದ, ಇಲ್ಲವೆಂದೂ ಅನ್ನದ ಪುನುಗು

ಒಂದು ಕಾಡಿನಲ್ಲಿ ಮರಗಳಿಗೆ ಕೊರತೆಯಿರಲಿಲ್ಲ, ಪೊಟರೆಗಳಿಗೆ ಕೊರತೆಯಿತ್ತು. ಒಳ್ಳೆಯ ಪೊಟರೆ ಬೀಳಬೇಕಾದರೆ ಮರಕ್ಕೆ ವಯಸ್ಸಾಗಬೇಕು. ಅಂಥವು ಹಳ್ಳದ ಬದಿಯಲ್ಲಿ ಎರಡೇ ಇದ್ದವು. ಒಂದು ನಂದಿ ಮರದ್ದು, ಇನ್ನೊಂದು ಮತ್ತಿ ಮರದ್ದು. ಎರಡೂ ಒಂದು ಪುನುಗುಬೆಕ್ಕಿನ ವಶದಲ್ಲಿದ್ದವು. ರಾತ್ರಿಯೆಲ್ಲ ತಿರುಗಿ ತಿಂದು ಬಂದು ಅದು ಹಗಲು ಮಲಗುತ್ತಿತ್ತು. ಮನಸ್ಸು ಬಂದರೆ ನಂದಿಯಲ್ಲಿ, ಇಲ್ಲದಿದ್ದರೆ ಮತ್ತಿಯಲ್ಲಿ.

ಬೇಸಿಗೆ ಕಾಲಿಡುವ ಹೊತ್ತಿಗೆ ಮಂಗಟ್ಟೆ ಹಕ್ಕಿಗಳ ಒಂದು ಜೋಡಿ ಅಲ್ಲಿಗೆ ಬಂತು. ಅವುಗಳ ಹಳೆಯ ಮರ ಗಾಳಿಗೆ ಉರುಳಿತ್ತು. ಹೆಣ್ಣಿಗೆ ಮೊಟ್ಟೆಯಿಡುವ ದಿನ ಹತ್ತಿರವಾಗಿತ್ತು. ಮಂಗಟ್ಟೆಗಳ ಬಾಣಂತನ ಬೇರೆ ಹಕ್ಕಿಗಳಂತಲ್ಲ. ಹೆಣ್ಣು ಪೊಟರೆಯೊಳಗೆ ಕೂತು, ಬಾಗಿಲಿಗೆ ತಾನೇ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಆಮೇಲೆ ಗಂಡ ತಂದು ಕೊಟ್ಟದ್ದೇ ಊಟ, ಯಾರಾದರೂ ಬಂದು ಎಬ್ಬಿಸಿದರೆ ಹಾರಿಹೋಗುವ ದಾರಿಯೂ ಇಲ್ಲ. ಹೀಗಾಗಿ ಜಾಗದ ಮಾತು ಗಟ್ಟಿಯಾಗದೆ ಒಳಗೆ ಕಾಲಿಡುವಂತಿರಲಿಲ್ಲ.

ಗಂಡು ಮಂಗಟ್ಟೆ ಅತ್ತಿ ಹಣ್ಣು ಹೊತ್ತುಕೊಂಡು ಪುನುಗಿನ ಬಳಿ ಹೋಯಿತು. ನಂದಿ ಮರದ ಪೊಟರೆಯನ್ನು ಈ ಬೇಸಿಗೆಗೆ ಬಿಟ್ಟುಕೊಡುತ್ತೀಯಾ ಎಂದು ಕೇಳಿತು. ಪುನುಗು ಹಣ್ಣು ತಿಂದು ಮೀಸೆ ನೆಕ್ಕಿಕೊಂಡಿತು.

"ನೋಡೋಣ," ಎಂದಿತು. "ಆಗಬಾರದು ಅಂತೇನಿಲ್ಲ."

ಮಾರನೆಯ ದಿನ ಗಂಡು ಮತ್ತೆ ಹಣ್ಣು ತಂದಿತು. ಪುನುಗು ತಿಂದು, ಯೋಚನೆ ಮಾಡುತ್ತಿದ್ದೇನೆ ಎಂದಿತು. ಮುಂದಿನ ಸಲ, ಬಹುಮಟ್ಟಿಗೆ ಆದ ಹಾಗೇ ಎಂದಿತು. ಇನ್ನೊಂದು ಸಲ, ಬೆಳಿಗ್ಗೆ ಒಂದು ಮನಸ್ಸಿತ್ತು, ಈಗ ಇನ್ನೊಂದಾಗಿದೆ, ಸಂಜೆಗೆ ಏನಾಗುತ್ತದೋ ಎಂದು ನಕ್ಕಿತು. ಅದರ ಲೆಕ್ಕಾಚಾರ ಸರಳವಾಗಿತ್ತು. ಕೊಡುತ್ತೇನೆ ಅಂದರೆ ಪೊಟರೆ ಹೋಗುತ್ತದೆ. ಕೊಡುವುದಿಲ್ಲ ಅಂದರೆ ಹಣ್ಣು ನಿಲ್ಲುತ್ತದೆ. ಎರಡೂ ಅನ್ನದಿದ್ದರೆ ಎರಡೂ ಉಳಿಯುತ್ತವೆ. ಇಂಥ ವ್ಯಾಪಾರ ಕೆಲವು ದಿನ ಚೆನ್ನಾಗಿಯೇ ನಡೆಯುತ್ತದೆ.

ಅದೇ ಸಮಯಕ್ಕೆ ತುಡುವೆ ಜೇನಿನ ಹಿಂಡೊಂದು ಹಳೆಯ ಗೂಡು ಬಿಟ್ಟು ಬಂದು ಹತ್ತಿರದ ಕೊಂಬೆಗೆ ಗೊಂಚಲಾಗಿ ಜೋತುಬಿದ್ದಿತ್ತು. ಜಾಗ ಹುಡುಕಲು ಹೊರಟ ಒಂದು ಜೇನು ಬಂದು ಮತ್ತಿ ಮರದ ಪೊಟರೆ ಕೇಳಿತು. ತುಪ್ಪ ಕಟ್ಟಿದ ಮೇಲೆ ನಿನಗೂ ಒಂದು ಪಾಲು ಎಂದಿತು. ಪುನುಗಿನ ಬಾಯಲ್ಲಿ ನೀರೂರಿತು. ಆದರೂ ಹೂಂ ಅನ್ನಲಿಲ್ಲ. ಆಗುತ್ತೆ ಅಂತಲೇ ಇಟ್ಟುಕೊಂಡಿರಿ, ಹೇಳಿ ಕಳಿಸುತ್ತೇನೆ ಎಂದಿತು.

ಇತ್ತ ಮಂಗಟ್ಟೆ ಹೆಣ್ಣಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈ ಕೊಂಬೆಯಿಂದ ಆ ಕೊಂಬೆಗೆ, ಆ ಕೊಂಬೆಯಿಂದ ಹಳ್ಳಕ್ಕೆ ಹಾರುತ್ತಿತ್ತು. ಮಣ್ಣಿನ ಉಂಡೆ ಕಚ್ಚಿ ತರುತ್ತಿತ್ತು. ಮೆತ್ತಲು ಬಾಗಿಲಿಲ್ಲದೆ ಕೆಳಗೆ ಹಾಕುತ್ತಿತ್ತು. ಮತ್ತೆ ಹೋಗಿ ತರುತ್ತಿತ್ತು. ದೊಡ್ಡ ಪ್ರಾಣಿ, ಅವಸರ ಮಾಡಿದರೆ ಸಿಟ್ಟಾದೀತು, ಸ್ವಲ್ಪ ತಾಳು ಎಂದಿತು ಗಂಡು.

"ನಾನು ತಾಳುತ್ತೇನೆ. ಮೊಟ್ಟೆ ತಾಳುತ್ತದೆಯೇ? ಕೊಂಬೆಯ ಮೇಲೆ ಇಡಲೇನು?" ಎಂದು ಹೆಣ್ಣು ತಾನೇ ಪುನುಗಿನ ಹತ್ತಿರ ಹೊರಟಿತು. ಸಂಜೆಯಾಗಿತ್ತು. ಪುನುಗು ಆಗಷ್ಟೇ ಎದ್ದು ಮೈ ಮುರಿಯುತ್ತಿತ್ತು.

"ಪುನುಗಣ್ಣ, ಕೊಡುತ್ತೀಯೋ ಇಲ್ಲವೋ, ಒಂದು ಹೇಳಿಬಿಡು. ಇಲ್ಲ ಅಂದರೆ ಈಗಲೇ ಹಳ್ಳ ದಾಟಿ ಹೋಗುತ್ತೇವೆ."

ಇವು ಹೋದರೆ ಅತ್ತಿ ಹಣ್ಣೂ ಹೋಯಿತು. ಪುನುಗು ದನಿ ಮೆತ್ತಗೆ ಮಾಡಿಕೊಂಡಿತು. "ಛೆ, ಇಲ್ಲ ಅಂತ ನಾನೆಲ್ಲಿ ಹೇಳಿದೆ, ತಂಗಿ?"

"ಹಾಗಾದರೆ ಹೂಂ ಅನ್ನು."

"ಅದನ್ನು ಬಾಯಿಬಿಟ್ಟೇ ಹೇಳಬೇಕೇ? ನನ್ನ ಮನಸ್ಸಿನಲ್ಲಿ ಏನಿದೆ ಅಂತ ನಿನಗೆ ಗೊತ್ತಾಗುವುದಿಲ್ಲವೇ?"

"ಅದು ನಿನಗೇ ಗೊತ್ತಿಲ್ಲ," ಎಂದು ಹೆಣ್ಣು ಹಾರಿಹೋಯಿತು.

ಆ ರಾತ್ರಿ ಪುನುಗಿಗೆ ದೂರದ ಬೈನೆ ಮರದಲ್ಲಿ ಮಾಗಿದ ಹಣ್ಣು ಸಿಕ್ಕಿತು. ತಿನ್ನುತ್ತಾ ಬೆಳಗಾದದ್ದೇ ತಿಳಿಯಲಿಲ್ಲ. ಹೊಟ್ಟೆ ಹೊತ್ತುಕೊಂಡು ಹಳ್ಳದ ಬದಿಗೆ ಮರಳುವಾಗ ಬಿಸಿಲು ಏರಿತ್ತು. ಕಣ್ಣು ಮುಚ್ಚಿಕೊಂಡೇ ಮತ್ತಿ ಮರದ ಪೊಟರೆಗೆ ತಲೆ ಹಾಕಿತು. ಮೂಗಿಗೆ ಬೆಂಕಿ ತಗುಲಿದಂತಾಯಿತು. ಜೇನಿನ ಇಡೀ ಹಿಂಡು ಒಳಗಿತ್ತು. ಹೇಳಿ ಕಳಿಸುವುದನ್ನು ಕಾದು ಸಾಕಾಗಿ, ಬೇಡ ಅನ್ನಲಿಲ್ಲವಲ್ಲ ಎಂದು ಅವು ಬೆಳಿಗ್ಗೆಯೇ ಸಂಸಾರ ಹೂಡಿದ್ದವು.

ಮೂಗು ಉಜ್ಜಿಕೊಳ್ಳುತ್ತಾ ಪುನುಗು ನಂದಿ ಮರಕ್ಕೆ ಓಡಿತು. ಅಲ್ಲಿ ಬಾಗಿಲೇ ಇರಲಿಲ್ಲ. ಹಸಿ ಮಣ್ಣಿನ ಗೋಡೆ, ನಡುವೆ ಒಂದು ಸೀಳು, ಸೀಳಿನಲ್ಲಿ ಒಂದು ಕೊಕ್ಕು. ಇಲ್ಲ ಅಂತ ನಾನೆಲ್ಲಿ ಹೇಳಿದೆ ಎಂಬ ಮಾತನ್ನೇ ಹಿಡಿದು ಮಂಗಟ್ಟೆ ಹೆಣ್ಣು ರಾತ್ರಿಯೇ ಒಳಗೆ ಹೊಕ್ಕಿತ್ತು, ಮೊಟ್ಟೆಯನ್ನೂ ಇಟ್ಟಾಗಿತ್ತು. ಪುನುಗು ಉಗುರು ಹಾಕಿ ಮಣ್ಣು ಕೆರೆಯಿತು. ಕೊಕ್ಕು ಅದರ ಪಂಜವನ್ನು ಕುಕ್ಕಿತು. ಆದರೆ ಕೊಕ್ಕು ಒಂದೇ, ಪುನುಗಿನ ಉಗುರು ಹಲವು. ಮಣ್ಣು ಹೆಂಟೆಹೆಂಟೆಯಾಗಿ ಬೀಳತೊಡಗಿತು. ಗಂಡು ಮಂಗಟ್ಟೆ ಕಾಡೆಲ್ಲ ಕೇಳುವಂತೆ ಕೂಗಿಕೊಂಡಿತು.

ಆ ಕೂಗಿಗೆ ಮೇಲಿನ ಕೊಂಬೆಗಳಲ್ಲಿದ್ದ ಕರಿಮೂತಿಯ ಕೋತಿಗಳು, ಮುಸುವಗಳು, ಧಡಧಡ ಇಳಿದು ಬಂದವು. ಅವುಗಳಲ್ಲಿ ಹಿರಿಯ ಮುಸುವ ಪುನುಗಿನ ಬಾಲ ಹಿಡಿದು ಹಿಂದಕ್ಕೆ ಎಳೆಯಿತು. ಮೊದಲು ಮಾತು ಮುಗಿಯಲಿ, ಆಮೇಲೆ ಉಗುರು ಎಂದಿತು.

ಕೇಳದೆ ನುಗ್ಗಿದ ಕಳ್ಳರು ಇವರು ಎಂದು ಪುನುಗು ದೂರಿತು. ದಿನವೂ ಕೇಳಿದ್ದೇವೆ ಎಂದಿತು ಗಂಡು ಮಂಗಟ್ಟೆ.

"ಕೇಳಿದಾಗ ಇಲ್ಲ ಅಂದೆಯಾ?" ಎಂದು ಮುಸುವ ಪುನುಗನ್ನು ಕೇಳಿತು.

"ಇಲ್ಲ ಅನ್ನಲಿಲ್ಲ, ಅಜ್ಜ. ಆದರೆ ಹೂಂ ಅಂತಲೂ ಅನ್ನಲಿಲ್ಲ."

"ಅವರು ತಂದ ಹಣ್ಣು?"

"ಪಾಪ, ಅಷ್ಟು ದೂರದಿಂದ ತಂದಿದ್ದರು. ಬೇಡ ಅಂದರೆ ಬೇಜಾರಾದೀತು ಅಂತ ತಿಂದೆ."

ಕೊಂಬೆಯ ಮೇಲಿದ್ದ ಮುಸುವಗಳೆಲ್ಲ ಹಲ್ಲು ಕಿಸಿದವು. ಹಿರಿಯ ಮುಸುವ ನಗಲಿಲ್ಲ. "ಹಣ್ಣು ತಿಂದ ಬಾಯಿ ಬೇರೆ, ಹೂಂ ಅನ್ನುವ ಬಾಯಿ ಬೇರೆ ಇದೆಯೇನಪ್ಪ ನಿನಗೆ? ಮುಂಗಡ ನುಂಗಿದ ದಿನವೇ ಒಪ್ಪಿದ ಹಾಗಾಯಿತು. ಮರಿ ಹಾರುವ ತನಕ ಈ ಪೊಟರೆ ಅವರದು. ಮಣ್ಣು ಮುಟ್ಟಿದರೆ ನಾವಿದ್ದೇವೆ."

ಸುತ್ತ ಕೂತ ಮುಸುವಗಳ ಹಿಂಡನ್ನು ಪುನುಗು ಒಮ್ಮೆ ನೋಡಿತು. ಪಂಜ ಒಳಗೆಳೆದುಕೊಂಡಿತು. ಹೋಗಲಿ, ಜೇನಿನಿಂದ ನಾನು ಏನೂ ತಿಂದಿಲ್ಲ, ಆ ಮತ್ತಿ ಮರವನ್ನಾದರೂ ಬಿಡಿಸಿಕೊಡಿ ಎಂದಿತು.

"ಅದು ನ್ಯಾಯವೇ," ಎಂದಿತು ಮುಸುವ. "ನಿನಗೇ ಹಕ್ಕಿದೆ. ಹೋಗಿ ಅವಕ್ಕೆ ಹೇಳು. ನಾನು ಮಾತ್ರ ಬರುವುದಿಲ್ಲ."

ಪುನುಗು ಊದಿದ ಮೂಗನ್ನು ಮುಟ್ಟಿ ನೋಡಿಕೊಂಡಿತು. ಮತ್ತಿ ಮರದ ಕಡೆಗೆ ಹೋಗಲಿಲ್ಲ.

ಅಂದಿನಿಂದ ಅದಕ್ಕೆ ಹಗಲು ನಿದ್ದೆಯಿಲ್ಲ. ಕೊಂಬೆಯ ಕವಲಿನಲ್ಲಿ ಮುದುಡಿ ಮಲಗಿದರೆ ಬಿಸಿಲು ಬಡಿಯುತ್ತಿತ್ತು. ನೆರಳಿಗೆ ಸರಿದರೆ ಕಾಜಾಣ ಹಕ್ಕಿಗಳು ಗುರುತು ಹಿಡಿದು ಬಾಲ ಕುಕ್ಕುತ್ತಿದ್ದವು. ಈ ಮರದಿಂದ ಆ ಮರಕ್ಕೆ, ಆ ಮರದಿಂದ ಪೊದೆಗೆ. ಅದರ ತಲೆಯ ಮೇಲಿನಿಂದಲೇ ಗಂಡು ಮಂಗಟ್ಟೆ ಅತ್ತಿ ಹಣ್ಣು ಹೊತ್ತು ಹಾರುತ್ತಿತ್ತು. ಪುನುಗು ಕತ್ತೆತ್ತಿ ನೋಡುತ್ತಿತ್ತು. ಮಂಗಟ್ಟೆಗೆ ನಿಲ್ಲಲು ಪುರಸೊತ್ತಿರಲಿಲ್ಲ. ನಂದಿ ಮರದೊಳಗೆ ಮರಿಗಳು ಹಸಿದು ಕೂಗುತ್ತಿದ್ದವು.

ನೀತಿ: ಕೊಡುವುದಾದರೆ ಹೂಂ ಅನ್ನಿ, ಕೊಡದಿದ್ದರೆ ಇಲ್ಲ ಅನ್ನಿ. ನೀವು ಆಡದೆ ಬಿಟ್ಟ ಮಾತನ್ನು ಎದುರಿನವರು ತಮಗೆ ಬೇಕಾದಂತೆ ಆಡಿ ಮುಗಿಸುತ್ತಾರೆ.