ಅರಸ ಬಚ್ಚಲಲ್ಲಿ ಸಿಕ್ಕಿಬಿದ್ದದ್ದು

"ಇನ್ನು ಮೇಲೆ ನಮ್ಮ ಪಟ್ಟಣದಲ್ಲಿ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ!" ತುಂಬಿದ ಸಭೆಯಲ್ಲಿ ಪಟ್ಟಣದ ಅರಸ ಬೊಮ್ಮರಸ ಮೀಸೆ ತಿರುವಿದ. "ಎಲ್ಲ ಉತ್ತರವೂ ಗ್ರಂಥದಲ್ಲೇ ಇದೆ."

ಗ್ರಂಥವೆಂದರೆ ಮಜ್ಜನಯಂತ್ರದ ಗ್ರಂಥ. ಆ ವರ್ಷ ಪಟ್ಟಣದ ಮನೆಮನೆಯ ಬಚ್ಚಲಿಗೂ ಈ ಯಂತ್ರ ಬಂದಿತ್ತು. ಗೂಟ ತಿರುಗಿಸಿದರೆ ಬಿಸಿನೀರು, ಹಗ್ಗ ಎಳೆದರೆ ತಣ್ಣೀರು. ಗೂಟ, ಹಗ್ಗ, ತೊಟ್ಟಿ ಯಾವುದನ್ನಾದರೂ ಅವರವರಿಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಿತ್ತು. ಹಾಗಾಗಿ ಒಬ್ಬರ ಯಂತ್ರ ಇನ್ನೊಬ್ಬರದರ ಹಾಗಿರಲಿಲ್ಲ. ಕೆಟ್ಟಾಗ ಮಾತ್ರ ಎಲ್ಲರೂ ಬಾವಿಕಟ್ಟೆಗೆ ಓಡುತ್ತಿದ್ದರು.

"ನಮ್ಮದು ಬರೀ ಗೊರಗೊರ ಅನ್ನುತ್ತೆ ಕಣ್ರೀ."

"ಬಲಗಡೆ ಗೂಟಕ್ಕೆ ಒಂದು ಒದೆ ಕೊಡಿ."

"ಒದೀಬೇಡಿ! ನಾನು ಒದ್ದು, ನೀರೆಲ್ಲ ಅಡುಗೆಮನೆಗೆ ಬಂತು."

ಇದು ಆಸ್ಥಾನದ ಕೇಶವಭಟ್ಟರಿಗೆ ಸಹಿಸಲಾಗಲಿಲ್ಲ. ಗ್ರಂಥ ಬರೆದವರು ಅವರೇ. ಅದನ್ನು ಎತ್ತಲು ಇಬ್ಬರು ಆಳು ಬೇಕಿತ್ತು, ಓದಲು ಯಾರೂ ಸಿಕ್ಕಿರಲಿಲ್ಲ. ಅವರು ಅರಸನ ಕಿವಿ ಕಚ್ಚಿದರು. ಅರಸ ಡಂಗುರ ಹೊಡೆಸಿದ. ಯಂತ್ರದ ವಿಷಯ ಕಟ್ಟೆಯಲ್ಲಿ ಕೇಳಿದವರಿಗೂ ಸೆರೆ, ಹೇಳಿದವರಿಗೂ ಸೆರೆ. ಸಂಜೆಯೊಳಗೆ ಬಾವಿಕಟ್ಟೆ ಖಾಲಿ, ಸೆರೆಮನೆ ಭರ್ತಿ.

ಸೆರೆಗೆ ಹೋದವರಲ್ಲಿ ನಂಜವ್ವನೂ ಒಬ್ಬಳು. ಅರಸನನ್ನು ನಗಿಸುವುದೇ ಕೆಲಸವಾಗಿದ್ದ ಸಂಕಣ್ಣನಿಗೆ ಅವಳು ಹೆಣ್ಣು ಕೊಟ್ಟ ಅತ್ತೆ. ಅತ್ತೆ ಸೆರೆಯಲ್ಲಿರುವುದು ಸಂಕಣ್ಣನಿಗೆ ಮೊದಲು ಅಷ್ಟೇನೂ ಬೇಜಾರು ತಂದಿರಲಿಲ್ಲ. ಆದರೆ ಹೆಂಡತಿ ಒಲೆ ಹೊತ್ತಿಸುವುದನ್ನೇ ನಿಲ್ಲಿಸಿದಳು. "ನಮ್ಮಮ್ಮ ಬರೋವರೆಗೂ ನಿಮಗೆ ಅನ್ನ ಇಲ್ಲ" ಎಂದಳು. ಹಸಿದ ಹೊಟ್ಟೆಯಲ್ಲಿ ಅವನು ಸಭೆಗೆ ಬಂದು ನಿಂತ.

"ಭಟ್ಟರೇ, ಗ್ರಂಥದಲ್ಲಿ ಇಲ್ಲದ ತೊಂದರೆ ಬಂದರೆ?"

"ಗ್ರಂಥದಲ್ಲಿ ಇಲ್ಲ ಅಂದಮೇಲೆ ಅದು ತೊಂದರೆಯೇ ಅಲ್ಲ!"

"ಸರಿ. ಪ್ರಭು, ಈ ಅಪ್ಪಣೆ ಅರಮನೆಗೂ ಉಂಟೋ?"

"ಮೊದಲು ಅರಮನೆಗೆ, ಆಮೇಲೆ ಊರಿಗೆ!" ಎಂದ ಬೊಮ್ಮರಸ. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸಂಕಣ್ಣ.

ಅವನಿಗೆ ಒಂದು ಗುಟ್ಟು ಗೊತ್ತಿತ್ತು. ಅರಸ ಹಿಂದಿನ ದಿನವಷ್ಟೇ ತನ್ನ ಯಂತ್ರಕ್ಕೆ ಪನ್ನೀರಿನ ಎರಡನೇ ತೊಟ್ಟಿ ಕಟ್ಟಿಸಿದ್ದ. ಜೊತೆಗೆ, ಸ್ನಾನ ಮುಗಿದು ಕೊನೆಯ ನೀರು ಹರಿದಾಗಲೇ ಬಚ್ಚಲ ಬಾಗಿಲು ತೆರೆಯುವಂತೆ ಒಂದು ಹಗ್ಗವನ್ನೂ ಬಿಗಿಸಿದ್ದ. ಎರಡನೇ ತೊಟ್ಟಿ ಕಟ್ಟಿದ ಮನೆಯಲ್ಲೆಲ್ಲ ನೀರು ನಡುವೆಯೇ ನಿಂತುಹೋಗುತ್ತದೆಂದು ಸಂಕಣ್ಣ ಕಟ್ಟೆಯಲ್ಲಿ ಕೇಳಿದ್ದ. ಹೇಳೋಣವೆಂದರೆ ಹೇಳಿದವರಿಗೆ ಸೆರೆಯಲ್ಲವೇ? ಸುಮ್ಮನಿದ್ದ.

ಮರುದಿನ ಅರಸನಿಗೆ ಎಣ್ಣೆಸ್ನಾನ. ತಲೆತುಂಬ ಸೀಗೆಪುಡಿ ಉಜ್ಜಿಕೊಂಡು ಗೂಟ ತಿರುಗಿಸಿದ. ಒಂದು ಚೊಂಬಿನಷ್ಟು ನೀರು ಬಂತು, ಸೀಗೆಯೆಲ್ಲ ಕಣ್ಣಿಗಿಳಿಯಿತು, ನೀರು ನಿಂತಿತು.

"ಅಯ್ಯಯ್ಯೋ! ಕಣ್ಣು! ಯಾರಲ್ಲಿ?"

ಭಟ್ಟರು ಗ್ರಂಥ ಹೊರಿಸಿಕೊಂಡು ಓಡಿಬಂದರು. ಮುಚ್ಚಿದ ಬಾಗಿಲ ಹೊರಗೆ ಕೂತು ಗಂಟಲು ಸರಿಮಾಡಿಕೊಂಡರು.

"ನೀರು ಬಾರದಿದ್ದಲ್ಲಿ, ಬಾವಿಯಲ್ಲಿ ನೀರುಂಟೇ ಎಂದು ನೋಡತಕ್ಕದ್ದು."

"ಉಂಟು ಕಣಯ್ಯಾ!"

"ಉಂಟಾದಲ್ಲಿ, ಯಂತ್ರವನ್ನು ನಿಲ್ಲಿಸತಕ್ಕದ್ದು."

"ಅದಾಗಲೇ ನಿಂತಿದೆ!"

"ಅದಕ್ಕೂ ಬಗೆಹರಿಯದಿದ್ದಲ್ಲಿ, ಗ್ರಂಥಕರ್ತನನ್ನು ಕಾಣತಕ್ಕದ್ದು."

"ಗ್ರಂಥಕರ್ತ ನೀನೇ ಅಲ್ಲವೇನಯ್ಯಾ? ಏನು ಮಾಡಲಿ ಹೇಳು!"

ಭಟ್ಟರು ಬೆವರೊರೆಸಿಕೊಂಡರು. "ಗ್ರಂಥವನ್ನು ನೋಡಬೇಕು, ಪ್ರಭು."

ಒಳಗಿನಿಂದ ಏನೋ ಬಾಗಿಲಿಗೆ ಬಂದು ಬಡಿಯಿತು. ಮಣೆಯಿರಬೇಕು.

"ಸಂಕಣ್ಣಾ! ಯಾರನ್ನಾದರೂ ಕೇಳೋ!"

"ಕೇಳಿದರೆ ಸೆರೆ, ಪ್ರಭು."

"ಅಪ್ಪಣೆ ರದ್ದು! ಓಡು, ಕೇಳು!"

"ಗೊತ್ತಿರುವವರೆಲ್ಲ ಸೆರೆಯಲ್ಲೇ ಇದ್ದಾರಲ್ಲ."

"ಬಿಡಿಸೋ ಮಾರಾಯಾ! ಎಲ್ಲರನ್ನೂ ಬಿಡಿಸು!"

ಸೆರೆಮನೆಯೇ ಎದ್ದು ಬಂದಂತೆ ಜನ ಅರಮನೆಯ ಅಂಗಳ ತುಂಬಿತು. ಬಂದವರೇ ಬಚ್ಚಲ ಗೋಡೆಯ ಹೊರಗೆ, ಮೇಲೆ ಕಟ್ಟಿದ್ದ ಯಂತ್ರದ ತೊಟ್ಟಿಗಳ ಕೆಳಗೆ ನಿಂತು ಜಗಳ ತೆಗೆದರು.

"ಇದನ್ನು ಹೋದ ವಾರವೇ ಕೇಳಿ, ಹೇಳಿ ಆಗಿದೆ!"

"ನಮ್ಮನೇದು ಚೆನ್ನಾಗೇ ಇದೆಯಪ್ಪ."

"ನಿಮ್ಮನೇದು ಯಾರು ಕೇಳಿದರು?"

ನಂಜವ್ವ ಮೇಲೆ ನೋಡಿ ಹಣೆ ಚಚ್ಚಿಕೊಂಡಳು. "ಯಾವ ತಲೆ ಇಲ್ಲದವನು ಇದಕ್ಕೆ ಎರಡನೇ ತೊಟ್ಟಿ ಕಟ್ಟಿದ್ದು?"

"ನಾನೇ," ಎಂದಿತು ಒಳಗಿನ ದನಿ.

ಮುಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಸಂಕಣ್ಣ ನಗು ತಡೆಯಲು ಶಲ್ಯ ಕಚ್ಚಿಕೊಂಡ.

"ಎರಡು ತೊಟ್ಟಿ ಆದರೆ ಗಾಳಿ ಕಟ್ಟಿಕೊಳ್ಳುತ್ತೆ," ಎಂದಳು ನಂಜವ್ವ, ಈಗ ಮೆಲ್ಲಗೆ. "ಗಾಳಿ ಬಿಡೋ ಗೂಟ ಒಂದು ಇರಬೇಕು. ನಮ್ಮ ಮನೇಲಿ ಅದು ಹಿಂದುಗಡೆ. ಇಲ್ಲಿ ಎಲ್ಲಿದೆಯೋ ಕಾಣೆ."

"ಉಸಿರುಗೂಟ!" ಭಟ್ಟರು ಎದ್ದೇ ನಿಂತರು. "ಅದನ್ನು ನಾನು ಬರೆದಿದ್ದೇನೆ! ಅರಮನೆಯದರಲ್ಲಿ ಅದು ಸೂರಿನ ಕೆಳಗೆ!"

"ಪೂರ್ತಿ ಎಳೀಬೇಡಿ," ಎಂದು ಎಣ್ಣೆ ಮಾರುವ ಕರಿಸೆಟ್ಟಿ ಕೂಗಿದ. "ನಮ್ಮ ಮನೆ ಹೆಂಚೇ ಹಾರಿಹೋಯ್ತು."

ಭಟ್ಟರೇ ಏಣಿ ಹತ್ತಿ ಗೂಟವನ್ನು ಅರ್ಧ ಎಳೆದರು. ಯಂತ್ರ ದೊಡ್ಡದಾಗಿ ತೇಗಿತು. ನೀರು ಧೋ ಎಂದು ಸುರಿಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಪಂಚೆ ಸುತ್ತಿಕೊಂಡ ಬೊಮ್ಮರಸ ಕೆಂಪು ಕಣ್ಣು ಪಿಳಿಪಿಳಿ ಬಿಡುತ್ತ ಹೊರಬಂದ. ಜನರನ್ನು ನೋಡಿದ, ಭಟ್ಟರನ್ನು ನೋಡಿದ, ಸರಸರನೆ ಒಳಗೆ ಹೋದ.

ಆ ಮಧ್ಯಾಹ್ನ ಸಂಕಣ್ಣ ಅತ್ತೆಯ ಪಕ್ಕದಲ್ಲಿ ಕೂತು ಹೊಟ್ಟೆ ಬಿರಿಯ ಉಂಡ.

ಸಂಜೆ ಬಾವಿಕಟ್ಟೆ ಮತ್ತೆ ತುಂಬಿತು. ಭಟ್ಟರು ಓಲೆ, ಬರೆಯುವ ಕಂಠ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದರು. ಅವರಿಗೆ ಯಾರೋ ಎಲೆಅಡಿಕೆ ಕೊಟ್ಟಿದ್ದರು. ಅಷ್ಟರಲ್ಲಿ ಜನ ಎದ್ದು ದಾರಿ ಬಿಟ್ಟರು. ಬೊಮ್ಮರಸ ಒಬ್ಬನೇ ನಡೆದು ಬರುತ್ತಿದ್ದ. ಬಂದವನು ಸಂಕೋಚದಿಂದ ಕಟ್ಟೆಯ ಅಂಚಿಗೆ ಕೂತ.

"ನಮ್ಮ ಯಂತ್ರ ಈಗ ಪನ್ನೀರಿನ ಬದಲು ಹೊಗೆ ಬಿಡುತ್ತಿದೆ," ಎಂದ.

"ತಾವು ಏನು ಮಾಡಿದಿರಿ, ಪ್ರಭು?" ಎಂದು ನಂಜವ್ವ ಕೇಳಿದಳು.

"ನಾನಾ? ನಾನೇನೂ ಮುಟ್ಟಿಲ್ಲ!"

ಇಡೀ ಕಟ್ಟೆ ಹೊಟ್ಟೆ ಹಿಡಿದು ನಕ್ಕಿತು. ಅರಸ ಕಕ್ಕಾಬಿಕ್ಕಿಯಾಗಿ ಸಂಕಣ್ಣನ ಮುಖ ನೋಡಿದ. "ಏನಯ್ಯಾ, ಯಾಕೆ ನಗುತ್ತಾರೆ?"

ಸಂಕಣ್ಣ ಕೈಮುಗಿದ. "ಇಲ್ಲಿಗೆ ಬಂದವರೆಲ್ಲ ಮೊದಲು ಹೇಳುವ ಸುಳ್ಳು ಅದೇ, ಪ್ರಭು. ಇನ್ನು ಈ ಕಟ್ಟೆಯಲ್ಲಿ ತಾವೂ ಒಬ್ಬರು. ಸರಿದು ಕೂತುಕೊಳ್ಳಿ, ಹಿಂದೆ ಇನ್ನೂ ಜನ ಇದ್ದಾರೆ."